ನಾಡಿ ತೀರಾ ಸಮವಾದಾಗ

ನಸುಕಿನ ಮೂರು ಗಂಟೆಯ ಐಸಿಯು. ಹೊರಗೆ ಕಬ್ಬಿಣದ ಕುರ್ಚಿಗಳ ಮೇಲೆ, ನೆಲಕ್ಕೆ ಹಾಸಿದ ಚಾದರಗಳ ಮೇಲೆ ರೋಗಿಗಳ ಕಡೆಯವರು ಒರಗಿದ್ದಾರೆ. ನಿದ್ದೆ ಯಾರಿಗೂ ಹತ್ತಿಲ್ಲ. ಒಳಗೆ ಪ್ರತಿ ಹಾಸಿಗೆಯ ತಲೆದೆಸೆಯಲ್ಲಿ ಒಂದೊಂದು ಮಾನಿಟರ್. ಹಸಿರು ಗೆರೆ ಜಿಗಿಯುತ್ತ ಸಾಗುತ್ತದೆ, ಪಕ್ಕದಲ್ಲಿ ದೊಡ್ಡ ಅಂಕಿ: 84. ಗಂಟೆಗೊಮ್ಮೆ ನರ್ಸ್ ಬಂದು ಆ ಅಂಕಿಯನ್ನೂ ಬಿಪಿಯನ್ನೂ ಆಮ್ಲಜನಕದ ಮಟ್ಟವನ್ನೂ ಚಾರ್ಟಿನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಬಾಗಿಲು ತೆರೆದ ಕೂಡಲೇ ಯಾರೋ ಎದ್ದು ಬಂದು ಕೇಳುತ್ತಾರೆ: 'ಸಿಸ್ಟರ್, ಅಪ್ಪಂಗೆ ಹಾರ್ಟ್‌ಬೀಟ್ ಹೇಗಿದೆ?' 'ನಾರ್ಮಲ್ ಇದೆ, ಗಾಬರಿಯಾಗಬೇಡಿ.'

ಸಿಸ್ಟರ್ ಹೇಳಿದ್ದು ನಿಜ. 84 ಗಾಬರಿಪಡುವ ಅಂಕಿಯಲ್ಲ. ಆದರೆ ಅದು ಕೆಲವು ಸೆಕೆಂಡುಗಳ ಬಡಿತಗಳ ಸರಾಸರಿ ಮಾತ್ರ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಬಿಡುವಿತ್ತು, ಆ ಬಿಡುವು ಹಿಗ್ಗುತ್ತ ಕುಗ್ಗುತ್ತ ಇದೆಯೋ, ಅಳೆದಿಟ್ಟಂತೆ ಒಂದೇ ಸಮ ಬರುತ್ತಿದೆಯೋ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಅಕ್ಕಪಕ್ಕದ ಎರಡು ಹಾಸಿಗೆಗಳಲ್ಲೂ 84 ಇರಬಹುದು. ಒಬ್ಬರು ಚೇತರಿಸಿಕೊಳ್ಳುತ್ತಿರಬಹುದು, ಇನ್ನೊಬ್ಬರ ರಕ್ತದಲ್ಲಿ ಸೋಂಕು ಹಬ್ಬುತ್ತಿರಬಹುದು.

ಇವೆರಡನ್ನು ಬೇರ್ಪಡಿಸುವ ಸುಳಿವು ಬಡಿತಗಳ ನಡುವಿನ ಅಂತರದಲ್ಲೇ ಇದೆಯೇ ಎಂದು ವೈದ್ಯರೂ ಎಂಜಿನಿಯರ್‌ಗಳೂ ದಶಕಗಳಿಂದ ಹುಡುಕುತ್ತಿದ್ದಾರೆ. ಸ್ಮಾರ್ಟ್‌ವಾಚ್ ಕಟ್ಟುವವರು 'ಎಚ್‌ಆರ್‌ವಿ' ಎಂಬ ಅಂಕಿಯನ್ನು ನೋಡಿಯೇ ಇರುತ್ತಾರೆ. ಹೃದಯ ಬಡಿತದ ಏರಿಳಿತದ ಅಳತೆ ಅದು. ಕೈಗಡಿಯಾರದಲ್ಲಿ ಅದು ಹಿಂದಿನ ರಾತ್ರಿಯ ನಿದ್ದೆ ಹೇಗಿತ್ತೆಂದು ತಿಳಿಯುವ ಕುತೂಹಲ. ಐಸಿಯುವಿನಲ್ಲಿ ಅದನ್ನೇ ದಿನಗಟ್ಟಲೆ ಬಿಡದೆ ಅಳೆದರೆ ಜೀವ ಉಳಿಸುವ ಎಚ್ಚರಿಕೆಯಾಗಬಹುದು.

ಆರೋಗ್ಯವಂತ ಹೃದಯ ಒಂದೇ ಸಮ ಬಡಿಯುವುದಿಲ್ಲ

ಸುಮ್ಮನೆ ಕುಳಿತು ಮಣಿಕಟ್ಟಿನ ಮೇಲೆ ಬೆರಳಿಟ್ಟು ನಿಧಾನವಾಗಿ ಆಳವಾಗಿ ಉಸಿರಾಡಿ. ಉಸಿರು ಒಳಗೆ ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ಈ ವ್ಯತ್ಯಾಸ ಬೆರಳಿಗೆ ಸ್ಪಷ್ಟವಾಗಿ ಸಿಗುತ್ತದೆ. ನಿಮಿಷಕ್ಕೆ 60 ಬಡಿತವೆಂದರೆ ಪ್ರತಿ ಬಡಿತದ ನಡುವೆಯೂ ಸರಿಯಾಗಿ 1000 ಮಿಲಿಸೆಕೆಂಡ್ ಇರುತ್ತದೆ ಎಂದಲ್ಲ. ಒಮ್ಮೆ 940, ಆಮೇಲೆ 1060, ಮತ್ತೆ 985, ಹೀಗೆ ಸಾಗುತ್ತದೆ.

ಹೃದಯಕ್ಕೆ ತನ್ನದೇ ತಾಳವಿದೆ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸೈನಸ್ ಗಂಟು ಎಂಬ ಪುಟ್ಟ ಅಂಗಾಂಶ ಯಾರೂ ಹೇಳದಿದ್ದರೂ ನಿಮಿಷಕ್ಕೆ ಸುಮಾರು 100 ಬಾರಿ ವಿದ್ಯುತ್ ಹೊಡೆತ ಕೊಡುತ್ತದೆ. ಅದನ್ನು 70ರ ಆಸುಪಾಸಿಗೆ ಇಳಿಸಿ ಇಡುವುದು ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯ ಮೂಲಕ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ನರ. ಏರಿಸುವುದು ಸಿಂಪಥೆಟಿಕ್ ನರಗಳು. ವೇಗಸ್ ಚುರುಕು, ಅದರ ಮಾತು ಮುಂದಿನ ಒಂದೆರಡು ಬಡಿತದಲ್ಲೇ ಹೃದಯಕ್ಕೆ ಮುಟ್ಟುತ್ತದೆ. ಸಿಂಪಥೆಟಿಕ್ ಪ್ರಭಾವ ಕಾಣಲು ಹಲವು ಸೆಕೆಂಡುಗಳೇ ಬೇಕು. ಉಸಿರು, ರಕ್ತದೊತ್ತಡ, ಮೈಯ ಬಿಸಿ, ಹಾರ್ಮೋನು, ನಿದ್ದೆ, ಭಯ ಇವೆಲ್ಲ ಈ ಎರಡು ದಾರಿಗಳಿಂದಲೇ ಹೆಚ್ಚಾಗಿ ಹೃದಯವನ್ನು ತಲುಪುತ್ತವೆ.

ತಲೆಯ ಮೇಲೆ ತುಂಬಿದ ಕೊಡ ಹೊತ್ತು ಏರಿಯ ಮೇಲೆ ನಡೆಯುವ ಹೆಣ್ಣುಮಗಳನ್ನು ನೆನೆಯಿರಿ. ಕೊಡ ಅಲುಗಾಡುವುದಿಲ್ಲ, ಏಕೆಂದರೆ ಅವಳ ಕತ್ತು, ಸೊಂಟ, ಮೊಣಕಾಲು ಪ್ರತಿ ಹೆಜ್ಜೆಗೂ ಅಲುಗುತ್ತಿರುತ್ತವೆ. ರಕ್ತದೊತ್ತಡ ಒಂದು ಮಟ್ಟದಲ್ಲಿ ನಿಲ್ಲಬೇಕಾದರೆ ಬಡಿತ ಕ್ಷಣಕ್ಷಣಕ್ಕೂ ಹೊಂದಿಕೊಳ್ಳುತ್ತಲೇ ಇರಬೇಕು. ಆ ಹೊಂದಾಣಿಕೆಯ ಕುರುಹೇ ಏರಿಳಿತ. ನರಗಳ ನಂಟು ಕತ್ತರಿಸಿಹೋದರೆ ಏನಾಗುತ್ತದೆ ಎನ್ನುವುದಕ್ಕೆ ಬದಲಿ ಹೃದಯ ಪಡೆದವರು ಸಾಕ್ಷಿ. ಕಸಿಯ ನಂತರದ ತಿಂಗಳುಗಳಲ್ಲಿ ಅವರ ಹೃದಯ ಸಾಮಾನ್ಯಕ್ಕಿಂತ ವೇಗವಾಗಿ, 90–100ರ ಸುಮಾರಿನಲ್ಲಿ, ಹೆಚ್ಚುಕಡಿಮೆ ಒಂದೇ ಸಮ ಬಡಿಯುತ್ತದೆ. ಮಿದುಳು ಸತ್ತ ರೋಗಿಯಲ್ಲೂ ಏರಿಳಿತ ಅಳಿಸಿಹೋಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಬೇಕು. ಬಡಿತದ ಎಲ್ಲ ಅಸಮತೆಯೂ ಆರೋಗ್ಯದ ಗುರುತಲ್ಲ. ಹೃತ್ಕರ್ಣ ಅದುರುವ 'ಏಟ್ರಿಯಲ್ ಫಿಬ್ರಿಲೇಷನ್', ನಡುನಡುವೆ ಬರುವ ಕಳ್ಳಬಡಿತ ಇವು ಬೇರೆಯೇ ತೊಂದರೆಗಳು. ನಾವು ಮಾತಾಡುತ್ತಿರುವುದು ಸೈನಸ್ ಗಂಟಿನಿಂದಲೇ ಹೊರಟ ಸಹಜ ಬಡಿತಗಳ ಅಂತರದ ಬಗ್ಗೆ.

ಕುದುರೆಯ ರಕ್ತನಾಳದಿಂದ ಕ್ಯಾಸೆಟ್‌ವರೆಗೆ

ಬೆರಳಿನಿಂದ ನಾಡಿ ಓದುವುದು ನಮ್ಮಲ್ಲಿ ಹಳೆಯ ವಿದ್ಯೆ. ಶಾರ್ಙ್ಗಧರ ಸಂಹಿತೆ ನಾಡಿಯ ನಡೆಯನ್ನು ಹಾವಿಗೆ, ಕಪ್ಪೆಗೆ, ಹಂಸಕ್ಕೆ ಹೋಲಿಸಿ ವಿಂಗಡಿಸುತ್ತದೆ. ಯಂತ್ರದ ಕಡೆಯ ಕಥೆ ಶುರುವಾಗುವುದು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್‌ನಿಂದ. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ರಕ್ತದ ಒತ್ತಡವನ್ನು ಕಣ್ಣಾರೆ ಕಂಡ ಆತ ತನ್ನ ಪುಸ್ತಕವನ್ನು 1733ರಲ್ಲಿ ಪ್ರಕಟಿಸಿದ. ಉಸಿರಿನ ಜೊತೆ ನಾಡಿಯೂ ಒತ್ತಡವೂ ಬದಲಾಗುವುದು ಅವನ ಕಣ್ಣಿಗೆ ಬಿದ್ದಿತ್ತು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ತಿರುಗುವ ಉರುಳೆಯ ಮೇಲೆ ಗೆರೆ ಎಳೆಯುವ ಸಾಧನ ಕಟ್ಟಿ ನಾಯಿಗಳಲ್ಲಿ ಅದನ್ನೇ ದಾಖಲಿಸಿದ. ವಿಲೆಮ್ ಐಂಥೋವನ್ ಇಸಿಜಿಯನ್ನು ಬಳಕೆಗೆ ತಂದ ಮೇಲೆ ಅಂತರವನ್ನು ಮಿಲಿಸೆಕೆಂಡಿನಲ್ಲಿ ಅಳೆಯುವುದು ಸಾಧ್ಯವಾಯಿತು.

ಇದಕ್ಕೆ ಚಿಕಿತ್ಸೆಯ ಅರ್ಥ ಮೊದಲು ದಕ್ಕಿದ್ದು ಹೆರಿಗೆ ಕೋಣೆಯಲ್ಲಿ. ಎಡ್ವರ್ಡ್ ಹಾನ್ ಮತ್ತು ಎಸ್.ಟಿ. ಲೀ 1963ರಲ್ಲಿ ಒಂದು ಮಹತ್ವದ ಸಂಗತಿ ವರದಿ ಮಾಡಿದರು: ಗರ್ಭದಲ್ಲಿರುವ ಮಗು ಸಂಕಟಕ್ಕೆ ಸಿಲುಕಿದಾಗ, ಅದರ ಹೃದಯದ ವೇಗ ಬದಲಾಗುವುದಕ್ಕಿಂತ ಮೊದಲೇ ಬಡಿತಗಳ ನಡುವಿನ ಅಂತರದ ಏರಿಳಿತ ಬದಲಾಗುತ್ತದೆ. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಗರ್ಭದ ಮಗುವಿನ ಬಡಿತ ದಾಖಲಿಸುವ ಸಿಟಿಜಿ ಕಾಗದದಲ್ಲಿ ವೈದ್ಯರು ಈ ಏರಿಳಿತದಿಂದ ಮೂಡುವ ಗೆರೆಯ ಒರಟುತನವನ್ನೂ ನೋಡುತ್ತಾರೆ. ಗೆರೆ ನಯವಾಗಿ ಚಪ್ಪಟೆಯಾದರೆ ಅವರು ಚಿಂತಿಸುತ್ತಾರೆ.

ದೀರ್ಘಕಾಲದ ದಾಖಲೆಯ ಬಾಗಿಲು ತೆರೆದವರು ಅಮೆರಿಕದ ಮೊಂಟಾನಾ ರಾಜ್ಯದ ನಾರ್ಮನ್ ಹೋಲ್ಟರ್. ಅವರ ಮೊದಲ ಉಪಕರಣವನ್ನು ಬೆನ್ನಿಗೆ ಹೊರಬೇಕಿತ್ತು, ತೂಕ ಸುಮಾರು 38 ಕಿಲೊ. ಅದು ಕ್ರಮೇಣ ಸೊಂಟಕ್ಕೆ ಸಿಕ್ಕಿಸುವ ಕ್ಯಾಸೆಟ್ ಪೆಟ್ಟಿಗೆಯಾಯಿತು. ಅಂಥ ಕ್ಯಾಸೆಟ್‌ಗಳಿಂದಲೇ ರಾಬರ್ಟ್ ಕ್ಲೈಗರ್ ಮತ್ತು ಸಂಗಡಿಗರು 1987ರಲ್ಲಿ ಆ ಕ್ಷೇತ್ರವನ್ನೇ ಎಚ್ಚರಿಸಿದ ಲೆಕ್ಕ ಹೊರತಂದರು. ಹೃದಯಾಘಾತದಿಂದ ಬದುಕುಳಿದ 808 ಜನರ 24 ಗಂಟೆಗಳ ದಾಖಲೆ. ಸರಾಸರಿ ಎರಡೂವರೆ ವರ್ಷ ಅವರ ಮೇಲೆ ಕಣ್ಣಿಡಲಾಯಿತು. ದಿನವಿಡೀ ಅಂತರದ ಹರವು 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರು ಸಾಯುವ ಸಂಭವ, 100ಕ್ಕಿಂತ ಹೆಚ್ಚಿದ್ದವರಿಗೆ ಹೋಲಿಸಿದರೆ 5.3 ಪಟ್ಟು. 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಸೇರಿ ಅಳತೆಯ ನಿಯಮಗಳನ್ನು ಗೊತ್ತುಮಾಡಿದವು.

ಐದು ನಿಮಿಷದಲ್ಲಿ ಕಾಣದ್ದು

ಕ್ಲೈಗರ್ ಅವರ ಕೆಲಸದಲ್ಲಿ 24 ಗಂಟೆ ಎನ್ನುವುದು ಮುಖ್ಯ. ಬಡಿತದ ಏರಿಳಿತ ಹಲವು ಅಲೆಗಳ ಕೂಡಿಕೆ. ಎಲ್ಲಕ್ಕಿಂತ ಚುರುಕಾದ ಅಲೆ ಉಸಿರಿನದು. ಎರಡೂವರೆಯಿಂದ ಏಳು ಸೆಕೆಂಡಿಗೊಮ್ಮೆ ಮರಳುತ್ತದೆ. ಅದರ ಹಿಂದೆ ಸುಮಾರು ಹತ್ತು ಸೆಕೆಂಡಿನ ಅಲೆ, ರಕ್ತದೊತ್ತಡವನ್ನು ಸರಿದೂಗಿಸುವ ಪ್ರತಿಕ್ರಿಯೆಯ ಗುರುತು. ಅದಕ್ಕೂ ನಿಧಾನವಾದವು ನಿಮಿಷಗಳ ಲೆಕ್ಕದಲ್ಲಿ ಏರಿ ಇಳಿಯುತ್ತವೆ. ಇನ್ನೂ ನಿಧಾನವಾದವು ಗಂಟೆಗಳ ಲೆಕ್ಕದವು. ಹಗಲು ಏರಿ ಇರುಳು ಇಳಿಯುವ ದಿನಚಕ್ರವೂ ಅದರಲ್ಲಿ ಸೇರಿದೆ. ಐದು ನಿಮಿಷ ಅಳೆದರೆ ಮೊದಲ ಎರಡು ಅಲೆ ಸಿಗುತ್ತವೆ, ಉಳಿದದ್ದು ಕೈತಪ್ಪುತ್ತದೆ. ಇಡೀ ದಿನದ ಏರಿಳಿತದಲ್ಲಿ ದೊಡ್ಡ ಪಾಲು ಈ ನಿಧಾನದ ಅಲೆಗಳದೇ.

ನಿಮಿಷಕ್ಕೆ 70ರಂತೆ ದಿನಕ್ಕೆ ಒಂದು ಲಕ್ಷ ಬಡಿತ. ಒಂದು ಲಕ್ಷ ಅಂತರಗಳನ್ನು ಸಾಲಾಗಿ ಬರೆದರೆ ಬೆಟ್ಟಸಾಲಿನಂಥ ಗೆರೆ ಮೂಡುತ್ತದೆ. ಜಪಾನಿನ ಕೊಬಯಾಶಿ ಮತ್ತು ಮುಶಾ 1982ರಲ್ಲಿ ಈ ಗೆರೆಯಲ್ಲಿ ಒಂದು ವಿಶೇಷ ಕಂಡರು. ಅದರ ಒಂದು ತುಣುಕನ್ನು ಹಿಗ್ಗಿಸಿ ನೋಡಿದರೂ ಇಡೀ ಗೆರೆಯಂತೆಯೇ ಕಾಣುತ್ತದೆ. ಸೆಕೆಂಡುಗಳ ಏರಿಳಿತದ ರೀತಿಯೇ ಗಂಟೆಗಳ ಏರಿಳಿತದಲ್ಲೂ ಇದೆ. ಬಾಸ್ಟನ್ನಿನ ಆರಿ ಗೋಲ್ಡ್‌ಬರ್ಗರ್, ಸಿ.ಕೆ. ಪೆಂಗ್ ಮುಂತಾದವರು 1990ರ ದಶಕದಲ್ಲಿ ಇದನ್ನು ಅಳೆಯುವ ಗಣಿತ ಕಟ್ಟಿದರು. ಆರೋಗ್ಯವಂತರಲ್ಲಿ ಈಗಿನ ಬಡಿತಕ್ಕೆ ಸಾವಿರಾರು ಬಡಿತ ಹಿಂದಿನದರ ನೆನಪು ಸ್ವಲ್ಪವಾದರೂ ಅಂಟಿರುತ್ತದೆ. ಸೋತ ಹೃದಯದಲ್ಲಿ ಆ ನೆನಪಿನ ಎಳೆ ಬದಲಾಗುತ್ತದೆ: ಕೆಲವರಲ್ಲಿ ಗೆರೆ ಒಂದೇ ಮಾದರಿಯನ್ನು ಮತ್ತೆಮತ್ತೆ ಬಿಡಿಸುತ್ತದೆ, ಕೆಲವರಲ್ಲಿ ಗೊತ್ತುಗುರಿಯಿಲ್ಲದೆ ಚೆದುರುತ್ತದೆ.

ಹೀಗಾಗಿ 'ಏರಿಳಿತ ಎಷ್ಟು' ಎನ್ನುವುದರ ಜೊತೆಗೆ 'ಏರಿಳಿತ ಎಂಥದು' ಎನ್ನುವುದನ್ನೂ ಕೇಳಬೇಕಾಯಿತು. ಒಟ್ಟು ಹರವು ಒಂದೇ ಇದ್ದರೂ ಅದರ ಹೆಣಿಗೆ ಬೇರೆಬೇರೆ ಇರಬಹುದು. ಐಸಿಯುವಿನ ರೋಗಿಗಳಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಹೊಂದುತ್ತದೆ. ಅವರು ಹಾಸಿಗೆ ಬಿಟ್ಟು ಏಳುವುದಿಲ್ಲ, ಹಗಲಿರುಳಿನ ವ್ಯತ್ಯಾಸ ಆ ಬೆಳಕಿನ ಕೋಣೆಯಲ್ಲಿ ಅಳಿಸಿಹೋಗಿರುತ್ತದೆ, ಒಟ್ಟು ಹರವು ಹೇಗೂ ಕುಗ್ಗಿರುತ್ತದೆ.

ದೇಹದ ಒಳಮಾತು ಕಡಿದಾಗ

ಸೋಂಕಿಗೂ ಬಡಿತದ ಏರಿಳಿತಕ್ಕೂ ಏನು ಸಂಬಂಧ? 1996ರಲ್ಲಿ ಪಾಲ್ ಗೋಡಿನ್, ತಿಮೊತಿ ಬುಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ನೋಡಿ. ಒಪ್ಪಿಗೆ ಕೊಟ್ಟ ಆರೋಗ್ಯವಂತರಿಗೆ ಬ್ಯಾಕ್ಟೀರಿಯಾದ ಹೊರಕವಚದ ವಿಷಾಂಶವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಲಾಯಿತು. ಕೆಲವೇ ಗಂಟೆಗಳಲ್ಲಿ ಅವರ ಬಡಿತದ ಹೆಣಿಗೆ ಹೆಚ್ಚು ನಿಯಮಿತವಾಯಿತು. ಆ ಜನರಿಗೆ ಹೃದ್ರೋಗವಿರಲಿಲ್ಲ, ಜೀವಕ್ಕೆ ಅಪಾಯವೂ ಇರಲಿಲ್ಲ. ಉರಿಯೂತವೊಂದೇ ಅಷ್ಟು ಮಾಡಿತ್ತು.

ಅದೇ ವರ್ಷ ಗೋಡಿನ್ ಮತ್ತು ಬುಕ್‌ಮನ್ ಒಂದು ವಾದ ಮುಂದಿಟ್ಟರು. ದೇಹದ ಅಂಗಗಳು ನರ ಮತ್ತು ರಸಗಳ ಮೂಲಕ ಒಂದಕ್ಕೊಂದು ಮಾತಾಡುತ್ತ ಇರುತ್ತವೆ. ತೀವ್ರ ಉರಿಯೂತ ಆ ಮಾತನ್ನು ಕಡಿದುಹಾಕುತ್ತದೆ. ಸಂಪರ್ಕ ತಪ್ಪಿದ ಅಂಗಗಳು ಒಂದೊಂದಾಗಿ ಸೋಲುತ್ತವೆ ಎಂಬುದು ಅದರ ಸಾರ. ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು ಒಂದರ ಹಿಂದೊಂದು ಕೈಕೊಡುವುದನ್ನು ಐಸಿಯು ವೈದ್ಯರು ದಿನವೂ ನೋಡುತ್ತಾರೆ. ಬಡಿತದ ಏರಿಳಿತ ಕುಗ್ಗುವುದು ಆ ಸಂಪರ್ಕ ಸಡಿಲವಾಗುತ್ತಿರುವುದರ ಮೊದಲ ಗುರುತಾಗಬಹುದು ಎಂದು ಅವರು ಸೂಚಿಸಿದರು.

ನರಗಳ ಕಡೆಯಿಂದಲೂ ಆಧಾರ ಸಿಕ್ಕಿತು. ನ್ಯೂಯಾರ್ಕ್ ಕಡೆಯ ಕೆವಿನ್ ಟ್ರೇಸಿ ಅವರ ತಂಡ 2000ದಲ್ಲಿ ಇಲಿಗಳ ವೇಗಸ್ ನರವನ್ನು ಪ್ರಚೋದಿಸಿದರೆ ಉರಿಯೂತ ಹಚ್ಚುವ ರಾಸಾಯನಿಕ ತಗ್ಗುತ್ತದೆ ಎಂದು ತೋರಿಸಿತು. ಹೃದಯವನ್ನು ನಿಧಾನಗೊಳಿಸುವ ನರವೇ ಉರಿಯೂತಕ್ಕೂ ಲಗಾಮು ಹಾಕುತ್ತದೆ. ಇನ್ನೊಂದು ಕಡೆ, ಬ್ಯಾಕ್ಟೀರಿಯಾದ ವಿಷಾಂಶ ಹೃದಯದ ಕೋಶಗಳಲ್ಲಿ ತಾಳ ಹುಟ್ಟಿಸುವ ವಿದ್ಯುತ್ ಪ್ರವಾಹವನ್ನೇ ಮಂದಗೊಳಿಸುತ್ತದೆಂದು ಪ್ರಯೋಗಾಲಯದ ಕೆಲಸ ತೋರಿಸಿದೆ. ಅಂದರೆ ನರ ಕೂಗಿದರೂ ಹೃದಯಕ್ಕೆ ಕೇಳದಿರಬಹುದು. ರೋಗಿಯಲ್ಲಿ ಕೆಟ್ಟಿರುವುದು ಕೂಗುವ ಬಾಯೋ ಕೇಳುವ ಕಿವಿಯೋ ಎಂದು ಮಾನಿಟರ್‌ನ ಗೆರೆ ಒಂದರಿಂದಲೇ ಬಿಡಿಸಿ ಹೇಳುವುದು ಕಷ್ಟ.

ಅಪಘಾತದಲ್ಲಿ ಗಾಯಗೊಂಡವರ ಮೇಲೆ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯರು 2004ರಲ್ಲಿ ಪ್ರಕಟಿಸಿದ ಕೆಲಸ ನನಗೆ ಮುಖ್ಯವಾಗಿ ಕಾಣುತ್ತದೆ. ಅವರು ಪ್ರತಿ ಬಡಿತವನ್ನು ಎಣಿಸಲಿಲ್ಲ. ಮಾನಿಟರ್ ಕೆಲವು ಸೆಕೆಂಡಿಗೊಮ್ಮೆ ತೋರಿಸುವ ಮಾಮೂಲಿ ಅಂಕಿಯನ್ನೇ ಕಂಪ್ಯೂಟರ್ ಬಿಡದೆ ಕೂಡಿಟ್ಟಿತು. ದಾಖಲಾದ ಮೊದಲ ದಿನ ಆ ಅಂಕಿ ಅಲುಗಾಡದೆ ನಿಂತಷ್ಟೂ ಸಾವಿನ ಸಂಭವ ಹೆಚ್ಚಿತ್ತು. ದುಬಾರಿ ಸಾಧನವಿಲ್ಲದೆ, ಇರುವ ಯಂತ್ರದಿಂದಲೇ ಹೊರಬರುವ ಮಾಹಿತಿಯನ್ನು ಎಸೆಯದೆ ಉಳಿಸಿಕೊಂಡದ್ದಷ್ಟೇ ಅವರ ಬಂಡವಾಳ.

ಅವಧಿಗೆ ಮುನ್ನ ಹುಟ್ಟಿದವರು ಕಲಿಸಿದ್ದು

ಈ ಕ್ಷೇತ್ರದಲ್ಲಿ ಅಳತೆಯಿಂದ ಜೀವ ಉಳಿದ ಲೆಕ್ಕ ಗಟ್ಟಿಯಾಗಿ ಸಿಕ್ಕಿರುವುದು ನವಜಾತ ಶಿಶುಗಳ ವಾರ್ಡಿನಿಂದ. ಒಂದೂವರೆ ಕಿಲೊಗಿಂತ ಕಡಿಮೆ ತೂಕದ ಕೂಸುಗಳಿಗೆ ಸೋಂಕು ತಗುಲಿದರೆ ಅವು ಹೇಳುವುದಿಲ್ಲ. ಜ್ವರ ಬರುವುದೂ ಖಚಿತವಿಲ್ಲ. ಹಾಲು ಸೇರದಿರುವುದು, ಮಂಕಾಗುವುದು, ಉಸಿರು ನಡುವೆ ನಿಲ್ಲುವುದು ಕಾಣುವ ಹೊತ್ತಿಗೆ ಸೋಂಕು ಬಲಿತಿರುತ್ತದೆ.

ವರ್ಜಿನಿಯಾ ವಿಶ್ವವಿದ್ಯಾಲಯದ ಶಿಶುತಜ್ಞೆ ಪಮೇಲಾ ಗ್ರಿಫಿನ್ ಮತ್ತು ಹೃದ್ರೋಗ ತಜ್ಞ ರ‍್ಯಾಂಡಲ್ ಮೂರ್‌ಮನ್ ಇಂಥ ಕೂಸುಗಳ ಬಡಿತದ ದಾಖಲೆಗಳನ್ನು ಹಿಂದಕ್ಕೆ ತಿರುಗಿಸಿ ಓದಿದರು. ಕಾಯಿಲೆ ಗೊತ್ತಾಗುವ ಮುಂಚಿನ ಗಂಟೆಗಳಲ್ಲಿ ಎರಡು ಬದಲಾವಣೆ ಇದ್ದವು: ಸಾಮಾನ್ಯ ಏರಿಳಿತ ಕುಗ್ಗಿತ್ತು, ನಡುವೆ ಬಡಿತ ತಟ್ಟನೆ ಇಳಿದು ಮತ್ತೆ ಏರಿತ್ತು. 2001ರಲ್ಲಿ ಈ ಕೆಲಸ ಪ್ರಕಟವಾಯಿತು. ಇವೆರಡನ್ನೂ ಒಂದೇ ಅಂಕಿಯಾಗಿ ಕೂಡಿಸುವ 'ಹೀರೊ' ಎಂಬ ಮಾನಿಟರ್ ಅದರಿಂದ ರೂಪುಗೊಂಡಿತು. ಮುಂದಿನ 24 ಗಂಟೆಗಳಲ್ಲಿ ಈ ಮಗುವಿಗೆ ಸೋಂಕಿನ ಸಂಭವ ಸಾಮಾನ್ಯಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂಬುದನ್ನು ಅದು ತೋರಿಸುತ್ತದೆ.

ಆಮೇಲೆ ಅವರು ಮಾಡಿದ ಪರೀಕ್ಷೆಯ ವಿನ್ಯಾಸ ಮೆಚ್ಚುವಂಥದು. ಒಂಬತ್ತು ನವಜಾತ ಶಿಶು ಘಟಕಗಳ 3003 ಕೂಸುಗಳು. ಎಲ್ಲರ ಬಡಿತವನ್ನೂ ಯಂತ್ರ ಲೆಕ್ಕ ಹಾಕಿತು. ಚೀಟಿ ಎತ್ತಿದಂತೆ ಆರಿಸಿದ ಅರ್ಧದಷ್ಟು ಕೂಸುಗಳ ಅಂಕಿಯನ್ನು ಮಾತ್ರ ವೈದ್ಯರಿಗೂ ನರ್ಸ್‌ಗಳಿಗೂ ತೋರಿಸಲಾಯಿತು. ಅಂಕಿ ಏರಿದರೆ ಇಂಥದ್ದೇ ಔಷಧ ಕೊಡಿ, ಇಂಥದ್ದೇ ಪರೀಕ್ಷೆ ಮಾಡಿ ಎಂಬ ಕಟ್ಟಳೆ ಇರಲಿಲ್ಲ. 2011ರಲ್ಲಿ ಬಂದ ಫಲಿತಾಂಶದಲ್ಲಿ ಅಂಕಿ ಕಾಣದ ಗುಂಪಿನಲ್ಲಿ ಸಾವು ಶೇ 10.2, ಕಂಡ ಗುಂಪಿನಲ್ಲಿ ಶೇ 8.1. ಸುಮಾರು 48 ಕೂಸುಗಳಿಗೆ ಈ ಅಂಕಿ ತೋರಿಸಿದರೆ ಒಂದು ಹೆಚ್ಚುವರಿ ಜೀವ ಉಳಿದ ಲೆಕ್ಕ.

ಸಂಶೋಧಕರು ಮೊದಲೇ ಗೊತ್ತುಮಾಡಿಕೊಂಡಿದ್ದ ಪ್ರಧಾನ ಅಳತೆ ಸಾವಿನ ಪ್ರಮಾಣವಾಗಿರಲಿಲ್ಲ. ವೆಂಟಿಲೇಟರ್ ಇಲ್ಲದೆ ಬದುಕಿದ ದಿನಗಳ ಸಂಖ್ಯೆಯಾಗಿತ್ತು. ಅದರಲ್ಲಿ ಎರಡು ಗುಂಪುಗಳ ನಡುವೆ ಖಚಿತವೆನ್ನುವಷ್ಟು ವ್ಯತ್ಯಾಸ ಬರಲಿಲ್ಲ. ಈ ಕಾರಣಕ್ಕೆ ಕೆಲವರು ಫಲಿತಾಂಶವನ್ನು ಎಚ್ಚರಿಕೆಯಿಂದ ಓದುತ್ತಾರೆ, ಓದಲೂಬೇಕು. ನಾನು ಅದರಲ್ಲಿ ಕಾಣುವುದು ಇಷ್ಟು: ಅಂಕಿ ತಾನಾಗಿ ಯಾರನ್ನೂ ಗುಣಪಡಿಸಲಿಲ್ಲ. ಅದು ಒಬ್ಬ ನರ್ಸ್‌ನ ಹೆಜ್ಜೆಯನ್ನು ಒಂದು ತೊಟ್ಟಿಲಿನ ಕಡೆಗೆ ಕೆಲವು ಗಂಟೆ ಮೊದಲೇ ತಿರುಗಿಸಿತು. ಅವರು ಬಗ್ಗಿ ನೋಡಿದರು, ಡಾಕ್ಟರನ್ನು ಕರೆದರು, ರಕ್ತಪರೀಕ್ಷೆ ಬೇಗ ಆಯಿತು, ಆಂಟಿಬಯೋಟಿಕ್ ಬೇಗ ಬಿತ್ತು. ಸಾಕಷ್ಟು ನರ್ಸ್‌ಗಳು ಇದ್ದ ವಾರ್ಡಿನಲ್ಲಿ ಮಾತ್ರ ಇದು ಸಾಧ್ಯ ಎನ್ನುವುದನ್ನು ಯಂತ್ರ ಕೊಳ್ಳುವವರು ನೆನಪಿಡಬೇಕು.

ದೊಡ್ಡವರ ಐಸಿಯು ಯಾಕೆ ಕಠಿಣ

ವಯಸ್ಕರಲ್ಲೂ ಆಸೆ ಹುಟ್ಟಿಸುವ ಕುರುಹುಗಳಿವೆ. ಕೆನಡಾದ ಒಟ್ಟಾವಾದಲ್ಲಿ ಆಂಡ್ರೂ ಸೀಲಿ ಅವರ ತಂಡ ಅಸ್ಥಿಮಜ್ಜೆ ಕಸಿಗೆ ಒಳಗಾದ 17 ಜನರ ಬಡಿತವನ್ನು ದಿನಗಟ್ಟಲೆ ದಾಖಲಿಸಿತು. ಅವರಲ್ಲಿ 14 ಜನರಿಗೆ ಸೆಪ್ಸಿಸ್, ಅಂದರೆ ಸೋಂಕಿನಿಂದ ಅಂಗಗಳೇ ಕೆಡತೊಡಗುವ ಸ್ಥಿತಿ, ಬಂತು. ವೈದ್ಯರು ಅದನ್ನು ಗುರುತಿಸುವ ಸರಾಸರಿ 35 ಗಂಟೆ ಮೊದಲೇ ಏರಿಳಿತ ಗಣನೀಯವಾಗಿ ಕುಗ್ಗಿತ್ತು ಎಂದು 2009ರ ವರದಿ ಹೇಳುತ್ತದೆ. ಇಲ್ಲಿ ಪ್ರತಿ ರೋಗಿಯನ್ನೂ ಅವರದೇ ಆರೋಗ್ಯದ ದಿನಗಳ ಜೊತೆ ಹೋಲಿಸಲಾಯಿತು. ಇದೇ ಆ ಕೆಲಸದ ಬಲ. ಎಪ್ಪತ್ತರ ಮಧುಮೇಹಿಯ ಏರಿಳಿತ ಇಪ್ಪತ್ತರ ಓಟಗಾರನ ಅರ್ಧವೂ ಇರುವುದಿಲ್ಲ. ಎಲ್ಲರಿಗೂ ಒಂದೇ ಗೆರೆ ಎಳೆದು 'ಇದಕ್ಕಿಂತ ಕೆಳಗೆ ಅಪಾಯ' ಎನ್ನಲು ಬರುವುದಿಲ್ಲ. ಅಂಕಿಗಿಂತ ಅದು ಹೋಗುತ್ತಿರುವ ದಿಕ್ಕು ಹೆಚ್ಚು ಹೇಳುತ್ತದೆ. ಗಂಟೆ, ದಿನಗಳ ಉದ್ದಕ್ಕೂ ಅಳೆಯಬೇಕಾದ್ದು ಇದಕ್ಕಾಗಿಯೇ.

ಆದರೆ ಐಸಿಯುವಿಗೆ ಬರುವ ರೋಗಿಯ ಆರೋಗ್ಯದ ದಿನಗಳ ದಾಖಲೆ ಯಾರ ಬಳಿಯೂ ಇರುವುದಿಲ್ಲ. ಬಂದ ಮೇಲೆ ಅವರಿಗೆ ನಿದ್ದೆಯ ಔಷಧ, ನೋವಿನ ಔಷಧ, ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಬಡಿತ ಇಳಿಸುವ ಬೀಟಾ ಬ್ಲಾಕರ್ ಒಂದೊಂದಾಗಿ ಸೇರುತ್ತವೆ. ಪ್ರತಿಯೊಂದೂ ಏರಿಳಿತವನ್ನು ತನ್ನ ರೀತಿಯಲ್ಲಿ ಬದಲಿಸುತ್ತದೆ. ವೆಂಟಿಲೇಟರ್ ಇನ್ನೂ ದೊಡ್ಡ ತೊಡಕು. ಸಹಜ ಉಸಿರಿನಲ್ಲಿ ಎದೆ ಹಿಗ್ಗಿ ಗಾಳಿಯನ್ನು ಒಳಗೆಳೆಯುತ್ತದೆ. ಯಂತ್ರ ಗಾಳಿಯನ್ನು ಒತ್ತಿ ತುಂಬುತ್ತದೆ. ಎದೆಯೊಳಗಿನ ಒತ್ತಡದ ಏರಿಳಿತವೇ ತಿರುವುಮುರುವಾಗುತ್ತದೆ. ಯಂತ್ರ ನಿಮಿಷಕ್ಕೆ 16 ಬಾರಿ ಕರಾರುವಾಕ್ಕಾಗಿ ಊದುತ್ತಿದ್ದರೆ ಬಡಿತದಲ್ಲಿ ಕಾಣುವ ಅಲೆಯಲ್ಲಿ ನರದ್ದೆಷ್ಟು, ಯಂತ್ರದ್ದೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಇನ್ನು ದಾಖಲೆಯ ಶುಚಿತ್ವ. ಮೈ ಒರೆಸಲು ರೋಗಿಯನ್ನು ಮಗ್ಗುಲಾಗಿಸಿದಾಗ, ಎದೆಗೆ ಅಂಟಿಸಿದ ಪಟ್ಟಿ ಸಡಿಲವಾದಾಗ, ನಡುಕ ಬಂದಾಗ ಯಂತ್ರ ಒಂದು ಬಡಿತವನ್ನು ತಪ್ಪಿಸಿಕೊಳ್ಳುತ್ತದೆ. 800 ಮಿಲಿಸೆಕೆಂಡಿನ ಎರಡು ಅಂತರಗಳು ಸೇರಿ 1600ರ ಒಂದು ಅಂತರವಾಗುತ್ತದೆ. ಇಂಥ ಕೆಲವೇ ತಪ್ಪುಗಳು ಸಾಯುತ್ತಿರುವ ರೋಗಿಯ ಗೆರೆಗೂ ಆರೋಗ್ಯದ ಕಳೆ ಬರಿಸಬಲ್ಲವು. ಹಾಗೆಂದು ಸರಿಕಾಣದ್ದನ್ನೆಲ್ಲ ಗುಡಿಸಿ ಹಾಕಿದರೆ ನಿಜವಾದ ಸೂಚನೆಯೂ ಕಸದ ಜೊತೆ ಹೋಗುತ್ತದೆ. ಸೆಪ್ಸಿಸ್‌ನಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಸಾಮಾನ್ಯ. ಅದು ಶುರುವಾದ ಕ್ಷಣದಿಂದ ಈ ಲೆಕ್ಕವೇ ನಡೆಯುವುದಿಲ್ಲ. ಅತ್ಯಂತ ಅಗತ್ಯವಿರುವ ಹೊತ್ತಿನಲ್ಲೇ ಸಾಧನ ಮೂಕವಾಗುವ ಸಂದರ್ಭಗಳಿವೆ ಎಂದು ಒಪ್ಪಿಕೊಳ್ಳಲೇಬೇಕು.

ಹಳೆಯ ಒಂದು ಅಳತೆಯ ಬಗ್ಗೆಯೂ ಹೇಳಬೇಕು. ಹತ್ತು ಸೆಕೆಂಡಿನ ಅಲೆಯನ್ನು ಉಸಿರಿನ ಅಲೆಯಿಂದ ಭಾಗಿಸಿ, ಬಂದದ್ದನ್ನು 'ಒತ್ತಡ ಮತ್ತು ವಿಶ್ರಾಂತಿಯ ಸಮತೋಲ' ಎಂದು ಕರೆಯುವ ರೂಢಿ ಬಹಳ ಕಾಲ ನಡೆಯಿತು. ಹಲವು ಆ್ಯಪ್‌ಗಳಲ್ಲಿ ಇಂದಿಗೂ ಇದೆ. ಹತ್ತು ಸೆಕೆಂಡಿನ ಅಲೆಯಲ್ಲಿ ವೇಗಸ್ ನರದ ಪಾಲೂ ಇದೆಯೆಂದು ಗೊತ್ತಾದ ಮೇಲೆ ಆ ಸರಳ ಅರ್ಥ ನಿಲ್ಲುವುದಿಲ್ಲ. ಅದನ್ನು ನಂಬಿ ತೀರ್ಮಾನಕ್ಕೆ ಬರುವುದು ತರವಲ್ಲ.

ಸೀಲಿ ಅವರ ತಂಡವೇ ಮುಂದೆ ಏಳುನೂರಕ್ಕೂ ಹೆಚ್ಚು ರೋಗಿಗಳಲ್ಲಿ ಬೇರೊಂದು ಪ್ರಶ್ನೆ ಕೇಳಿತು: ವೆಂಟಿಲೇಟರ್ ಕೊಳವೆ ತೆಗೆದರೆ ಯಾರು ತಡೆದುಕೊಳ್ಳುತ್ತಾರೆ, ಯಾರಿಗೆ ಮತ್ತೆ ಹಾಕಬೇಕಾಗುತ್ತದೆ? 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಡಿತದ ಏರಿಳಿತಕ್ಕಿಂತ ಉಸಿರಾಟದ ಏರಿಳಿತವೇ ಹೆಚ್ಚು ನೆರವಾಯಿತು. ಹೃದಯದ ಗೆರೆಯೊಂದಕ್ಕೇ ಜೋತುಬೀಳದೆ ಉಸಿರು, ಬಿಪಿ, ಜ್ವರಗಳ ಜೊತೆ ಅದನ್ನು ಓದಬೇಕೆನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಅಂಕಿಯನ್ನು ಸರಿಪಡಿಸುವ ಆಮಿಷ

ಏರಿಳಿತ ಕುಗ್ಗಿದರೆ ಅಪಾಯವೆಂದಾದರೆ, ಔಷಧ ಕೊಟ್ಟು ಅದನ್ನು ಹಿಗ್ಗಿಸಬಾರದೇಕೆ? ಹೃದ್ರೋಗ ಶಾಸ್ತ್ರ ಇಂಥ ಯೋಚನೆಗೆ ಒಮ್ಮೆ ಭಾರಿ ಬೆಲೆ ತೆತ್ತಿದೆ. ಹೃದಯಾಘಾತವಾದವರಲ್ಲಿ ಕಳ್ಳಬಡಿತಗಳು ಹೆಚ್ಚಿದ್ದರೆ ಸಾವಿನ ಸಂಭವ ಹೆಚ್ಚೆಂದು ಗೊತ್ತಿತ್ತು. ಅವನ್ನು ಅಡಗಿಸುವ ಔಷಧಗಳೂ ಇದ್ದವು. 'ಕಾಸ್ಟ್' ಎಂಬ ಅಮೆರಿಕದ ಪರೀಕ್ಷೆ 1989ರಲ್ಲಿ ತೋರಿಸಿದ್ದೇನೆಂದರೆ, ಎನ್ಕೈನೈಡ್, ಫ್ಲೆಕೈನೈಡ್ ಔಷಧಗಳು ಕಳ್ಳಬಡಿತವನ್ನು ಅಡಗಿಸಿದವು, ಆದರೆ ಅವನ್ನು ತೆಗೆದುಕೊಂಡವರು ಖಾಲಿ ಮಾತ್ರೆ ತೆಗೆದುಕೊಂಡವರಿಗಿಂತ ಹೆಚ್ಚಾಗಿ ಸತ್ತರು. ಗುರುತನ್ನು ಅಳಿಸಿದರೆ ರೋಗ ಅಳಿಯುವುದಿಲ್ಲ. ಬಡಿತದ ಏರಿಳಿತ ಐಸಿಯುವಿನಲ್ಲಿ ಕರೆಗಂಟೆಯಾಗಿ ಇರಲಿ. ಅದನ್ನೇ ಚಿಕಿತ್ಸೆಯ ಗುರಿ ಮಾಡಲು ಈಗಿರುವ ಆಧಾರ ಸಾಲದು.

ಇನ್ನೊಂದು ಆಮಿಷ ಇದಕ್ಕಿಂತ ನೋವಿನದು. 'ಇಷ್ಟು ಕಡಿಮೆ ಇದೆ, ಉಳಿಯುವುದಿಲ್ಲ' ಎಂಬ ತೀರ್ಪಿಗೆ ಈ ಅಂಕಿಯನ್ನು ಬಳಸುವುದು. ಗುಂಪಿನ ಲೆಕ್ಕದಲ್ಲಿ ನಿಜವಾದದ್ದು ಒಬ್ಬ ಮನುಷ್ಯನ ಹಣೆಬರಹವಲ್ಲ. ಗಂಟೆಗೆ ಇಷ್ಟೆಂದು ಬಿಲ್ಲು ಏರುತ್ತಿರುವಾಗ ಹೊರಗೆ ಕುಳಿತ ಮನೆಯವರು ಯಾವ ಅಂಕಿಗಾದರೂ ಜೋತುಬೀಳುತ್ತಾರೆ. ಅವರ ಕೈಗೆ ಇದನ್ನು ಕೊಟ್ಟು ನಿರ್ಧಾರ ಕೇಳುವುದು ಅನ್ಯಾಯ.

ಎಸೆದುಹೋಗುವ ದಾಖಲೆ

ಎಂಐಟಿ ಮತ್ತು ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ ಸೇರಿ ಐಸಿಯು ರೋಗಿಗಳ ಗುರುತು ಅಳಿಸಿದ ದಾಖಲೆಗಳನ್ನು 'ಮಿಮಿಕ್' ಎಂಬ ಹೆಸರಿನಲ್ಲಿ ಜಗತ್ತಿನ ಸಂಶೋಧಕರಿಗೆ ತೆರೆದಿಟ್ಟಿವೆ. ಅದರ ಮೂರನೆಯ ಆವೃತ್ತಿಯಲ್ಲಿ 2001ರಿಂದ 2012ರವರೆಗಿನ ನಲವತ್ತು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದಾರೆ. ಹಲವರ ಇಸಿಜಿ ಗೆರೆಗಳೂ ಇವೆ. ಸೆಪ್ಸಿಸ್ ಮುನ್ಸೂಚನೆ ಕೊಡುವ ಎಷ್ಟೋ ಕಂಪ್ಯೂಟರ್ ಪ್ರೋಗ್ರಾಂಗಳು ಕಲಿತದ್ದು ಇಂಥ ದಾಖಲೆಗಳಿಂದ.

ನಮ್ಮ ಬಹುಪಾಲು ಐಸಿಯುಗಳಲ್ಲಿ ಮಾನಿಟರ್‌ನ ಗೆರೆ ಪರದೆಯ ಅಂಚಿಗೆ ಹೋಗಿ ಮಾಯವಾಗುತ್ತದೆ. ಉಳಿಯುವುದು ಗಂಟೆಗೊಮ್ಮೆ ಚಾರ್ಟಿಗೆ ಬರೆದ ಅಂಕಿ, ಅಂದರೆ ದಿನಕ್ಕೆ 24. ಲಕ್ಷ ಬಡಿತಗಳಲ್ಲಿ ಉಳಿದದ್ದು ಇಷ್ಟೇ. ಜಾಗದ ಕೊರತೆ ಇದಕ್ಕೆ ಕಾರಣವಾಗಲಾರದು. ಸೆಕೆಂಡಿಗೆ 250 ಬಾರಿ ಅಳೆದ ಒಂದು ಇಸಿಜಿ ಗೆರೆಗೆ ದಿನಕ್ಕೆ ಸುಮಾರು 43 ಎಂಬಿ ಸಾಕು. ಬಡಿತಗಳ ಅಂತರವನ್ನು ಮಾತ್ರ ಉಳಿಸುವುದಾದರೆ 200 ಕೆಬಿ. ಫೋನಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ. ಬೇಕಿರುವುದು ಮಾನಿಟರ್‌ನಿಂದ ಮಾಹಿತಿ ಹೊರತೆಗೆಯಲು ತಯಾರಕರು ದಾರಿ ಬಿಡುವುದು, ರೋಗಿಯ ಖಾಸಗಿತನ ಕಾಯುವ ನಿಯಮ, ಅದನ್ನು ನೋಡಿಕೊಳ್ಳುವ ಒಬ್ಬ ತಂತ್ರಜ್ಞ.

ನಮ್ಮ ದಾಖಲೆಯನ್ನು ನಾವೇ ಉಳಿಸಿಕೊಳ್ಳಬೇಕು ಎನ್ನಲು ಕಾರಣ, ನಮ್ಮ ರೋಗಗಳು ಬಾಸ್ಟನ್ನಿನ ರೋಗಗಳಲ್ಲ ಎಂಬುದು. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಜ್ವರ ಏರಿದ್ದರೂ ನಾಡಿ ನಿರೀಕ್ಷೆಯಷ್ಟು ಏರುವುದಿಲ್ಲ. ವೈದ್ಯರು ಇದನ್ನು ಅದರ ಲಕ್ಷಣಗಳಲ್ಲೇ ಎಣಿಸುತ್ತಾರೆ. ಟೈಫಾಯಿಡ್‌ನಲ್ಲೂ ಹಾಗೆ. ಡೆಂಗಿಯಿಂದ ಚೇತರಿಸಿಕೊಳ್ಳುವಾಗ ನಾಡಿ ತೀರಾ ಇಳಿಯುವುದುಂಟು. ಕರಾವಳಿಯ ಇಲಿಜ್ವರ, ಹಳ್ಳಿಗಳಿಂದ ಬರುವ ಸ್ಕ್ರಬ್ ಟೈಫಸ್, ಕೀಟನಾಶಕ ಸೇವಿಸಿ ಬಂದವರು, ಹಾವು ಕಚ್ಚಿಸಿಕೊಂಡವರು ನಮ್ಮ ಐಸಿಯುಗಳಲ್ಲಿದ್ದಾರೆ. ಕೀಟನಾಶಕದ ವಿಷಕ್ಕೆ ಕೊಡುವ ಅಟ್ರೋಪಿನ್ ವೇಗಸ್ ನರದ ಮಾತು ಹೃದಯಕ್ಕೆ ಮುಟ್ಟದಂತೆ ತಡೆಯುತ್ತದೆ, ಏರಿಳಿತವನ್ನು ತಾನೇ ಅಳಿಸಿಹಾಕುತ್ತದೆ. ಬೇರೆ ದೇಶದ ದಾಖಲೆಯಿಂದ ಕಲಿತ ಪ್ರೋಗ್ರಾಂ ಈ ಹಾಸಿಗೆಗಳ ಪಕ್ಕದಲ್ಲಿ ಸುಳ್ಳು ಗಂಟೆ ಬಾರಿಸಬಹುದು, ಬಾರಿಸಬೇಕಾದಾಗ ಸುಮ್ಮನಿರಬಹುದು. ಸುಳ್ಳು ಗಂಟೆ ಹೆಚ್ಚಾದ ವಾರ್ಡಿನಲ್ಲಿ ನಿಜವಾದ ಗಂಟೆಗೂ ಯಾರೂ ತಿರುಗಿ ನೋಡುವುದಿಲ್ಲ.

ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಂಥ ಕಡೆ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಿವೆ, ಹತ್ತಿರದಲ್ಲೇ ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಮೊದಲ ಕೆಲಸ ಯಾವ ಪ್ರೋಗ್ರಾಂ ಕೊಳ್ಳುವುದೂ ಅಲ್ಲ. ಒಂದು ವಾರ್ಡಿನ ಮಾನಿಟರ್‌ಗಳ ಗೆರೆಯನ್ನು ಒಂದು ವರ್ಷ ಎಸೆಯದೆ ಉಳಿಸುವುದು, ಯಾವ ರೋಗಿಗೆ ಯಾವ ಹೊತ್ತಿನಲ್ಲಿ ಯಾವ ಔಷಧ ಕೊಟ್ಟರೆಂದು ಅದರ ಪಕ್ಕದಲ್ಲಿ ನಿಖರವಾಗಿ ಬರೆದಿಡುವುದು. ಆಮೇಲೆ, ವರ್ಜಿನಿಯಾದ ತಂಡ ಕೂಸುಗಳಲ್ಲಿ ಮಾಡಿದಂತೆ, ಅರ್ಧ ರೋಗಿಗಳ ಅಂಕಿಯನ್ನು ತೋರಿಸಿ, ಉಳಿದರ್ಧದ್ದನ್ನು ತೋರಿಸದೆ, ಸಾವು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ಎಣಿಸಬೇಕು.